ಟಿಕೆಟ್ ಕೊಳ್ಳುವ ಮುನ್ನ ಮಗುವಿನ ಎತ್ತರ ಅಳೆಯಿರಿ

ದಸರಾ ರಜೆ ಹತ್ತಿರ ಬಂದಂತೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲವೂ ಒಂದೇ ಧಾಟಿಗೆ ತಿರುಗುತ್ತವೆ: ಚಿಕ್ಕ ಮಕ್ಕಳನ್ನು ಕಡಿಮೆ ಖರ್ಚಿನಲ್ಲಿ ವಾಟರ್ ಪಾರ್ಕಿಗೆ ಕರೆದೊಯ್ಯುವುದು ಹೇಗೆ? ದಾವಣಗೆರೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದಾಗಿನಿಂದ ಇಂದಿನವರೆಗೂ ಮಕ್ಕಳ ಪ್ರವಾಸಗಳನ್ನು ಹೊರಡಿಸುತ್ತಲೇ ಬಂದಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ಹೋದ ವರ್ಷ ಬರೆದ ಉತ್ತರವನ್ನು ಯಾರೂ ಓದಿಯೇ ಇಲ್ಲವೇನೋ ಎಂಬಂತೆ ಅದು ಮರಳಿ ಬರುವುದು ಮಾತ್ರ ಬೇಸರ ತರಿಸುತ್ತದೆ. ಟೋಪಿ, ನೀರಿನ ಬಾಟಲಿ, ಬದಲಿ ಬಟ್ಟೆಗಳ ಪಟ್ಟಿಯನ್ನು ನಾನು ಇಲ್ಲಿ ಕೊಡುವುದಿಲ್ಲ; ಮಕ್ಕಳನ್ನು ಸಾಕಿದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

ಪ್ರಶ್ನೆ: ನಾವು ಚಿತ್ರದುರ್ಗದವರು. ನಾನು, ನಮ್ಮ ಯಜಮಾನರು, ಅತ್ತೆ, ಮಾವ, ಆರು ವರ್ಷದ ಮಗಳು, ಮೂರು ವರ್ಷದ ಮಗ, ಒಟ್ಟು ಆರು ಮಂದಿ. ದಸರಾ ರಜೆಯ ಒಂದು ಭಾನುವಾರ ಬಾಡಿಗೆ ಕಾರಿನಲ್ಲಿ ಬೆಳಗಿನ ಜಾವ ಹೊರಟು, ಬಿಡದಿಯ ವಂಡರ್‌ಲಾ ನೋಡಿಕೊಂಡು ರಾತ್ರಿಯೇ ಮರಳುವ ಯೋಚನೆಯಿದೆ. ಮಗನಿಗೆ ಹೇಗೂ ಟಿಕೆಟ್ ಇರುವುದಿಲ್ಲ. ಹದಿನೈದು ಸಾವಿರ ರೂಪಾಯಿಯೊಳಗೆ ಮುಗಿಯುವುದೇ?

ನಿಮ್ಮ ಮಗನಿಗೆ ಟಿಕೆಟ್ ಇದೆ, ತಾಯಿ. ಎಲ್ಲರೂ ತಪ್ಪುವುದು ಇಲ್ಲಿಯೇ. ಬಸ್ಸು, ರೈಲುಗಳಲ್ಲಿ ವಯಸ್ಸು ನೋಡಿ ಟಿಕೆಟ್ ಕೊಡುವುದನ್ನು ಕಂಡವರು ಪಾರ್ಕಿನಲ್ಲಿಯೂ ಹಾಗೆಯೇ ಎಂದುಕೊಳ್ಳುತ್ತಾರೆ, ಆದರೆ ಅಲ್ಲಿ ನೋಡುವುದು ಎತ್ತರವನ್ನು. ವಂಡರ್‌ಲಾದಲ್ಲಿ 85 ಸೆಂ.ಮೀ.ಗಿಂತ ಕಡಿಮೆ ಇರುವ ಮಕ್ಕಳಿಗಷ್ಟೇ ಉಚಿತ. 85ರಿಂದ 140 ಸೆಂ.ಮೀ. ವರೆಗೆ ಮಕ್ಕಳ ಟಿಕೆಟ್, ಅದಕ್ಕಿಂತ ಎತ್ತರವಿದ್ದರೆ ದೊಡ್ಡವರ ಟಿಕೆಟ್. ಆರೋಗ್ಯವಾಗಿ ಬೆಳೆಯುತ್ತಿರುವ ಮಗು ಎರಡು ವರ್ಷದ ಹೊತ್ತಿಗೇ 85 ಸೆಂ.ಮೀ. ಮುಟ್ಟುತ್ತದೆ, ಮೂರು ವರ್ಷಕ್ಕೆ 95ರ ಆಸುಪಾಸಿನಲ್ಲಿರುತ್ತದೆ. ಮಕ್ಕಳ ಟಿಕೆಟ್ ಎಂದರೆ ಬಸ್ಸಿನ ಅರ್ಧ ಟಿಕೆಟ್ ಎಂದು ಭಾವಿಸಬೇಡಿ. ರಿಯಾಯಿತಿ ಅಷ್ಟು ದೊಡ್ಡದಿಲ್ಲ. ಆದ್ದರಿಂದ ಇಂದು ಸಂಜೆ ಇಬ್ಬರು ಮಕ್ಕಳನ್ನೂ ಚಪ್ಪಲಿ ಬಿಡಿಸಿ ಗೋಡೆಗೆ ಒರಗಿಸಿ ನಿಲ್ಲಿಸಿ, ಪೆನ್ಸಿಲಿನಿಂದ ಗೆರೆ ಎಳೆದು, ದರ್ಜಿಯ ಟೇಪಿನಲ್ಲಿ ಅಳೆಯಿರಿ. ನಿಮ್ಮ ಬಜೆಟ್ ಆರಂಭವಾಗುವುದು ಆ ಗೆರೆಯಿಂದ.

ಆ ಗೆರೆ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಆರು ವರ್ಷದ ಹುಡುಗಿ ಸಾಮಾನ್ಯವಾಗಿ 115 ಸೆಂ.ಮೀ.ನಷ್ಟು ಇರುತ್ತಾಳೆ. ದೊಡ್ಡ ಪಾರ್ಕುಗಳಲ್ಲಿ ಎದೆ ಝಲ್ಲೆನಿಸುವ ಆಟಗಳು ಸಾಮಾನ್ಯವಾಗಿ 120 ಇಲ್ಲವೇ 140 ಸೆಂ.ಮೀ. ದಾಟಿದವರಿಗೆ ಮಾತ್ರ. ಹಾಗಾದರೆ ನೀವು ಆರು ಮಂದಿ ಇಡೀ ಪಾರ್ಕಿನ ಹಣ ತೆತ್ತು ಒಳಗೆ ಹೋದ ಮೇಲೆ ಆಗುವುದೇನು? ಮಗಳು ಆಡುವುದು ಮಕ್ಕಳ ವಿಭಾಗದ ಆಟಗಳನ್ನು ಮತ್ತು ಮೊಣಕಾಲು ಮುಳುಗದ ನೀರಿನ ಕೊಳಗಳಲ್ಲಿ. ಮಗ ಅದರಲ್ಲಿಯೂ ಅರ್ಧದಷ್ಟನ್ನು. ಅತ್ತೆ, ಮಾವ ಬೆಂಚಿನ ಮೇಲೆ ಕುಳಿತು ಚೀಲ ಕಾಯುತ್ತಾರೆ. ಆಟವಾಡಲಿ, ಬಿಡಲಿ, ಒಳಗೆ ಕಾಲಿಟ್ಟವರೆಲ್ಲರೂ ಟಿಕೆಟ್ ತೆರಲೇಬೇಕು. ಚೀಲ ಕಾಯಲು ಹಿರಿಯರಿಗೆ ಎರಡು ಟಿಕೆಟ್ ಕೊಳ್ಳುವ ಕುಟುಂಬಗಳನ್ನು ನಾನು ಪ್ರತಿ ಪ್ರವಾಸದಲ್ಲಿಯೂ ನೋಡುತ್ತೇನೆ. ಬಾಡಿಗೆಯ ಲಾಕರ್ ಅದಕ್ಕಿಂತ ಎಷ್ಟೋ ಅಗ್ಗ.

ನನ್ನ ಸಲಹೆ ನಿಮಗೆ ಹಿಡಿಸಲಿಕ್ಕಿಲ್ಲ. ನೀವು, ಯಜಮಾನರು, ಮಗಳು ಮೂವರೇ ಹೋಗಿ. ಮಗನನ್ನು ಅಜ್ಜ, ಅಜ್ಜಿಯ ಬಳಿ ಬಿಡಿ. ಅವರು ಅವನನ್ನು ಆಡುಮಲ್ಲೇಶ್ವರದ ಕಿರು ಮೃಗಾಲಯಕ್ಕೆ ಕರೆದೊಯ್ಯಲಿ. ಮೂರು ವರ್ಷದವನಿಗೆ ಚಿರತೆಯೂ ಕರಡಿಯೂ ರೋಲರ್ ಕೋಸ್ಟರಿಗಿಂತ ದೊಡ್ಡ ಅಚ್ಚರಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದು ಮಲಗಲೂಬಹುದು. ಆರು ಟಿಕೆಟ್ಟುಗಳ ಜಾಗದಲ್ಲಿ ಮೂರಾದರೆ ನಿಮ್ಮ ಅತಿ ದೊಡ್ಡ ಖರ್ಚು ಅಲ್ಲಿಯೇ ಅರ್ಧಕ್ಕಿಳಿಯಿತು. ಬೇರೆ ಯಾವ ಕೂಪನ್ನೂ ಇಷ್ಟು ಉಳಿಸಿಕೊಡುವುದಿಲ್ಲ. ಎಲ್ಲರೂ ಒಟ್ಟಿಗೆ ಹೋಗಲೇಬೇಕೆಂಬ ಹಟವಿದ್ದರೆ ಪಾರ್ಕನ್ನು ಮರೆತು ಮೈಸೂರಿನ ಮೃಗಾಲಯಕ್ಕೆ ಹೋಗಿ. ಅಲ್ಲಿ ಆರು ಮಂದಿಗೂ ನೋಡಲು ಏನಾದರೊಂದು ಇರುತ್ತದೆ. ಮಂಗಳವಾರ ಅದಕ್ಕೆ ವಾರದ ರಜೆ ಎಂಬುದು ನೆನಪಿರಲಿ.

ಇನ್ನು ದಿನದ ವಿಚಾರ. ದಸರಾ ರಜೆಯ ಭಾನುವಾರವೆಂದರೆ ದರವೂ ಹೆಚ್ಚು, ಸರದಿಯೂ ಉದ್ದ. ಶಾಲೆ ಮತ್ತೆ ತೆರೆದ ಮೇಲೆ ಬರುವ ಮೊದಲ ವಾರದ ಬುಧವಾರವನ್ನೋ ಗುರುವಾರವನ್ನೋ ಆರಿಸಿಕೊಳ್ಳಿ. ಒಂದನೆಯ ತರಗತಿಯ ಮಗು ಒಂದೆರಡು ದಿನ ಶಾಲೆ ತಪ್ಪಿಸಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂದು ಒಬ್ಬ ಶಿಕ್ಷಕನಾಗಿಯೇ ಹೇಳುತ್ತಿದ್ದೇನೆ. ಆದರೆ ಅದನ್ನು ನವೆಂಬರ್ ಮಧ್ಯಕ್ಕಿಂತ ಆಚೆಗೆ ತಳ್ಳಬೇಡಿ. ಅಲ್ಲಿಂದ ಜನವರಿಯವರೆಗೆ ಶಾಲಾ ಪ್ರವಾಸದ ಬಸ್ಸುಗಳು ವಾರದ ದಿನಗಳಲ್ಲಿಯೇ ಬಂದು ಮುತ್ತುತ್ತವೆ. ಆ ಗದ್ದಲದಲ್ಲಿ ನನ್ನ ಪಾಲೂ ಇದೆ. ಟಿಕೆಟ್ಟನ್ನು ಪಾರ್ಕಿನ ಅಧಿಕೃತ ಜಾಲತಾಣದಲ್ಲಿಯೇ ಮುಂಚಿತವಾಗಿ ಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳುಹಿಸಿದ ಅರ್ಧ ಬೆಲೆಯ ಕೊಂಡಿಯನ್ನು ಒತ್ತಿ ಹಣ ಕಳೆದುಕೊಂಡ ಮೇಲೆ ನನಗೆ ಪತ್ರ ಬರೆದು ಪ್ರಯೋಜನವಿಲ್ಲ.

ಒಂದೇ ದಿನದಲ್ಲಿ ಹೋಗಿ ಬರುವ ಯೋಜನೆಯನ್ನಂತೂ ದಯವಿಟ್ಟು ಕೈಬಿಡಿ. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ., ಅಲ್ಲಿಂದ ಬಿಡದಿಗೆ ಇನ್ನೂ ಮೂವತ್ತು ಚಿಲ್ಲರೆ. ಪಾರ್ಕ್ ತೆರೆಯುವುದು ಬೆಳಿಗ್ಗೆ 11ಕ್ಕೆ. ನಾಲ್ಕು ಗಂಟೆಗೆ ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕಾರಿಗೆ ಹಾಕಿದ ಮಗು ಮಧ್ಯಾಹ್ನ ಎರಡಕ್ಕೆ ಅಳಲು ಆರಂಭಿಸಿದರೆ ಅದು ಹಟವಲ್ಲ, ಆಯಾಸ. ಇಡೀ ದಿನ ಬಿಸಿಲಿನಲ್ಲಿ ಕಾದ ಚಾಲಕ ಅದೇ ರಾತ್ರಿ ಹೆದ್ದಾರಿಯಲ್ಲಿ ನಿಮ್ಮನ್ನು ಮರಳಿ ತರಬೇಕೆಂಬುದನ್ನು ಯಾರೂ ಯೋಚಿಸುವುದಿಲ್ಲ. ಈ ಒಂದು ವಿಷಯದಲ್ಲಿ ನಾನು ಅಂಜುಬುರುಕನೇ ಸರಿ. ನನ್ನ ಪ್ರವಾಸಗಳಲ್ಲಿ ರಾತ್ರಿ ಹತ್ತರ ನಂತರ ಗಾಡಿ ಓಡುವುದಿಲ್ಲ.

ಹಿಂದಿನ ದಿನ ಮಧ್ಯಾಹ್ನವೇ ಬಸ್ಸಿನಲ್ಲಿ ಹೊರಡಿ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಂತೆ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ನಿಮಗೂ ಮಗಳಿಗೂ ಟಿಕೆಟ್ ಹಣವಿಲ್ಲ, ತೆರಬೇಕಾದವರು ಯಜಮಾನರೊಬ್ಬರೇ. ರಾಜಹಂಸ, ಐರಾವತಗಳಿಗೆ ಇದು ಅನ್ವಯಿಸುವುದಿಲ್ಲ. ದಾವಣಗೆರೆ, ಹರಿಹರದವರಿಗೆ ಜನಶತಾಬ್ದಿ, ಸಿದ್ಧಗಂಗಾ ಇಂಟರ್‌ಸಿಟಿಗಳಿವೆ; ಚಿತ್ರದುರ್ಗದವರು ಅದಕ್ಕಾಗಿ ಚಿಕ್ಕಜಾಜೂರಿಗೆ ಹೋಗಬೇಕಾಗುವುದರಿಂದ ನಿಮಗೆ ಬಸ್ಸೇ ಅನುಕೂಲ. ಬೆಂಗಳೂರಿನಲ್ಲಿ ನೆಂಟರಿದ್ದರೆ ರಾತ್ರಿ ಅವರ ಮನೆಯಲ್ಲಿ ತಂಗಿ, ಇಲ್ಲವಾದರೆ ಕೆಂಗೇರಿಯ ಕಡೆ ಒಂದು ಸಾಧಾರಣ ಲಾಡ್ಜ್ ಸಾಕು. ಮರುದಿನ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಬಸ್ಸು ಹತ್ತುವ ಮೊದಲು ಅದು ಬಿಡದಿಯಲ್ಲಿ ನಿಲ್ಲುತ್ತದೆಯೇ ಎಂದು ನಿರ್ವಾಹಕರನ್ನು ಕೇಳಿಕೊಳ್ಳಿ. 2023ರಲ್ಲಿ ಹೊಸ ಹೆದ್ದಾರಿ ಬಂದ ಮೇಲೆ ತಡೆರಹಿತ ಬಸ್ಸುಗಳು ಊರೊಳಗೆ ಬರದೆ ಮೇಲಿನಿಂದಲೇ ಸಾಗಿಬಿಡುತ್ತವೆ, ವಿಚಾರಿಸದೆ ಹತ್ತಿದವರು ಬಿಡದಿ ದಾಟಿ ಎಲ್ಲೋ ಮುಂದೆ ಇಳಿದು ವಾಪಸಾಗಬೇಕಾಗುತ್ತದೆ.

ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ. ಹಾಗೆಂದು ಬುತ್ತಿ ಕಟ್ಟದಿರಬೇಡಿ. ಚಪಾತಿ, ಶೇಂಗಾ ಚಟ್ನಿಯನ್ನು ಹತ್ತೂವರೆಗೆ ಗೇಟಿನ ಹೊರಗೆ ಕುಳಿತು ಹೊಟ್ಟೆ ತುಂಬ ತಿಂದು ಒಳಗೆ ಹೋದರೆ ದಿನಕ್ಕೆ ಒಂದೇ ಊಟದ ಖರ್ಚು. ನೀರಿನ ಆಟಗಳಿಗೆ ನೈಲಾನಿನಂಥ ಸಿಂಥೆಟಿಕ್ ಬಟ್ಟೆ ಕಡ್ಡಾಯ. ಸೀರೆ, ಚೂಡಿದಾರ, ಹತ್ತಿಯ ಬಟ್ಟೆಗಳಿಗೆ ಅಲ್ಲಿ ಅವಕಾಶವಿಲ್ಲ. ನೀರಿಗೆ ಬೇಕಾದ ಬಟ್ಟೆಯನ್ನು ಊರಿನ ಅಂಗಡಿಯಲ್ಲಿಯೇ ಕೊಂಡು ಹೋಗಿ, ಪಾರ್ಕಿನ ಮಳಿಗೆಯಲ್ಲಿ ಗತ್ಯಂತರವಿಲ್ಲದೆ ಕೊಳ್ಳಬೇಡಿ.

ಒಳಗೆ ಹೋದ ಮೇಲೆ ಮೊದಲು ನೆಲದ ಆಟಗಳು, ಬಿಸಿಲೇರಿದ ಮೇಲೆ ನೀರು, ನಾಲ್ಕು ಗಂಟೆಗೆ ಹೊರಗೆ. ಕೊಟ್ಟ ಹಣಕ್ಕೆ ಬಾಗಿಲು ಮುಚ್ಚುವವರೆಗೂ ಇರಬೇಕೆಂಬ ಲೆಕ್ಕಾಚಾರ ಚಿಕ್ಕ ಮಕ್ಕಳೊಂದಿಗೆ ನಡೆಯುವುದಿಲ್ಲ. ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ಹರವು ದೊಡ್ಡವರದಕ್ಕಿಂತ ಹೆಚ್ಚಾದುದರಿಂದ ಅವರ ಮೈಬಿಸಿ ಬೇಗ ಇಳಿಯುತ್ತದೆ. ನನ್ನ ತಂಡದ ಹುಡುಗನೊಬ್ಬ "ಇನ್ನೊಂದೇ ಸಲ ಸಾರ್" ಎನ್ನುತ್ತಲೇ ತುಟಿ ನೀಲಿಗಟ್ಟಿ ನಡುಗಿದ್ದನ್ನು ನೋಡಿದ ದಿನದಿಂದ ನಾನು ಮಕ್ಕಳ ಮಾತು ಕೇಳುವುದನ್ನು ಬಿಟ್ಟು ತುಟಿ ನೋಡುವುದನ್ನು ಕಲಿತೆ. ನೀರಿನಲ್ಲಿರುವಷ್ಟು ಹೊತ್ತೂ ಮಗಳು ನಿಮ್ಮ ಕೈಗೆ ಎಟಕುವಷ್ಟು ದೂರದಲ್ಲಿರಲಿ. ತೋಳಿಗೆ ಹಾಕುವ ಗಾಳಿಯ ಪಟ್ಟಿಗಳು ಆಟಿಕೆಗಳೇ ಹೊರತು ರಕ್ಷಣೆಯಲ್ಲ. ಮುಳುಗುವ ಮಗು ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಮೊಬೈಲಿನಲ್ಲಿ ವಿಡಿಯೊ ತೆಗೆಯುವ ಕೆಲಸವನ್ನು ನೀರಿಗಿಳಿಯದವರಿಗೆ ಬಿಡಿ.

ಹೀಗೆ ಮಾಡಿದರೆ ಹದಿನೈದು ಸಾವಿರದಲ್ಲಿ ಗಣನೀಯ ಮೊತ್ತವೇ ಉಳಿಯುತ್ತದೆ.

ಪ್ರಶ್ನೆ: ಮಗ ದೊಡ್ಡ ಆಟಗಳ ಅಳತೆಗೆ ಮೂರು ಸೆಂ.ಮೀ. ಕಡಿಮೆ ಇದ್ದಾನೆ. ದಪ್ಪ ಅಟ್ಟೆಯ ಶೂ ಹಾಕಿಸಿದರೆ ಬಿಡುತ್ತಾರೆಯೇ? (ಹರಿಹರ)

ಬಿಟ್ಟರೂ ಬಿಡಬಹುದು, ಭಯವಿರುವುದು ಅದಕ್ಕೇ. ಕುರ್ಚಿಯ ಮೇಲಿಂದ ಇಳಿದು ತೊಡೆಯನ್ನೋ ಭುಜವನ್ನೋ ಒತ್ತಿ ಹಿಡಿಯುವ ಸರಳನ್ನು ಒಂದು ಮೈಯಳತೆಗೆ ತಕ್ಕಂತೆ ಮಾಡಿರುತ್ತಾರೆ. ಅದಕ್ಕಿಂತ ಚಿಕ್ಕ ಮೈ ಅದರಡಿಯಿಂದ ಜಾರಬಲ್ಲದು. ಟಿಕೆಟ್ ಉಳಿಸಲು ಮಗುವಿಗೆ ಮೊಣಕಾಲು ಬಗ್ಗಿಸಿ ನಿಲ್ಲೆನ್ನುವ ತಂದೆ, ಆಟಕ್ಕೆ ಹತ್ತಿಸಲು ತುದಿಗಾಲಿನಲ್ಲಿ ನಿಲ್ಲೆನ್ನುವ ತಂದೆ, ಅನೇಕ ಬಾರಿ ಒಬ್ಬರೇ ಆಗಿರುತ್ತಾರೆ. ಒಂದು ವರ್ಷ ಕಾಯಿರಿ.

ಪ್ರಶ್ನೆ: ವಸ್ತುಪ್ರದರ್ಶನದಲ್ಲಿ ಚೀಟಿ ತುಂಬಿದ್ದೆವು. ಕುಟುಂಬಕ್ಕೆ ಉಚಿತ ಪ್ರವಾಸ ಬಂದಿದೆ, ಗಂಡ ಹೆಂಡತಿ ಇಬ್ಬರೂ ಹೋಟೆಲಿಗೆ ಬನ್ನಿ ಎಂದು ಕರೆ ಬಂದಿದೆ. ಹೋಗಬಹುದೇ? (ದಾವಣಗೆರೆ)

ಹೋಗಬೇಡಿ. ಚೀಟಿ ತುಂಬಿದವರಿಗೆಲ್ಲ ಆ ಬಹುಮಾನ ಬಂದಿರುತ್ತದೆ. ಎರಡು ಗಂಟೆ ಕೂರಿಸಿ, ಚಹಾ ಕುಡಿಸಿ, ಹತ್ತಾರು ವರ್ಷಗಳ ಸದಸ್ಯತ್ವವೊಂದನ್ನು ಕಂತಿನ ಮೇಲೆ ತಲೆಗೆ ಕಟ್ಟುತ್ತಾರೆ. ಇಬ್ಬರನ್ನೂ ಕರೆಯುವುದು "ಮನೆಯಲ್ಲಿ ಕೇಳಿ ಹೇಳುತ್ತೇವೆ" ಎಂಬ ಮಾತಿಗೆ ಆಸ್ಪದ ಇರಬಾರದೆಂದು. ನಾನೂ ಒಮ್ಮೆ ಹೀಗೆ ಹೋಗಿ ಮುಂಗಡ ಕೊಟ್ಟು ಬಂದವನೇ. ಆ ಹಣ ಮರಳಿ ಬರಲಿಲ್ಲ, ಬಹುಮಾನದ ಪ್ರವಾಸಕ್ಕೆ ನಾನು ಕೇಳಿದ ದಿನ ಒಮ್ಮೆಯೂ ಕೋಣೆ ಖಾಲಿಯಿರಲಿಲ್ಲ.

ಪ್ರಶ್ನೆ: ನಾಲ್ಕು ವರ್ಷದ ಮಗಳಿಗಾಗಿ ವೈಯಕ್ತಿಕ ಸಾಲ ಪಡೆದು ಸಿಂಗಪುರದ ಪಾರ್ಕಿಗೆ ಹೋಗಬಹುದೇ?

ಬೇಡ.

ಪ್ರಶ್ನೆ: ಪ್ರಯಾಣದಲ್ಲಿ ಮಗು ವಾಂತಿ ಮಾಡುತ್ತದೆ. ಕೆಮ್ಮಿನ ಸಿರಪ್ ಕುಡಿಸಿದರೆ ಮಲಗಿಬಿಡುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. (ಹೊಸದುರ್ಗ)

ಆ ಪರಿಚಯದವರಿಂದ ದೂರವಿರಿ. ನಾನು ವೈದ್ಯನಲ್ಲ, ಆದರೆ ನೆಗಡಿಗೆ ಕೊಡುವ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರೆತ ಸಿರಪ್ಪುಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ದೇಶದ ಔಷಧ ನಿಯಂತ್ರಕರು 2023ರಲ್ಲಿಯೇ ಸೂಚಿಸಿದ್ದಾರೆ. ಮಗುವನ್ನು ಮಲಗಿಸಲೆಂದು ಔಷಧ ಕುಡಿಸುವುದು ಯಾವ ವಯಸ್ಸಿನಲ್ಲಿಯೂ ಸಲ್ಲದು. ವಾಂತಿಯ ಮಾತ್ರೆ ಬೇಕಿದ್ದರೆ ಮಕ್ಕಳ ವೈದ್ಯರು ತೂಕ ನೋಡಿ ಬರೆದುಕೊಡಲಿ. ಅಲ್ಲಿಯವರೆಗೆ ಹೊರಡುವ ಮುನ್ನ ಲಘು ತಿಂಡಿ ಕೊಡಿ, ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿ, ಮೊಬೈಲನ್ನು ಕೈಗೆ ಕೊಡಬೇಡಿ. ಸೀಟಿನ ಮೇಲೆ ಹಾಸಿದ ಹಳೆಯ ಪತ್ರಿಕೆ ವಾಂತಿಯನ್ನು ತಡೆಯುವುದಿಲ್ಲ, ಒರೆಸಲು ಉಪಯೋಗವಾದೀತು.

ಪ್ರಶ್ನೆ: ಕ್ಲೋರಿನ್ ವಾಸನೆ ಗಾಢವಾಗಿದ್ದಷ್ಟೂ ನೀರು ಶುದ್ಧ ಎನ್ನುತ್ತಾರೆ, ನಿಜವೇ?

ತಲೆಕೆಳಗಾದ ಮಾತು. ಮೂಗಿಗೆ ಹೊಡೆಯುವ ಆ ವಾಸನೆ ಕ್ಲೋರಿನ್ ಬೆವರು, ಮೂತ್ರಗಳೊಂದಿಗೆ ಬೆರೆತಾಗ ಹುಟ್ಟುವ ಕ್ಲೋರಮೈನ್‌ಗಳದು, ಕಣ್ಣು ಉರಿಸುವುದೂ ಅದೇ. ವಾಸನೆ ಗಾಢವಾಗಿದ್ದರೆ ಮಗುವನ್ನು ಇಳಿಸಬೇಡಿ.

ಪ್ರಶ್ನೆ: ಇಷ್ಟೆಲ್ಲ ತೊಂದರೆ ಏಕೆ? ಜಾತ್ರೆಯ ತೊಟ್ಟಿಲಿನಲ್ಲಿ ಕೂರಿಸಿದರೆ ಸಾಲದೇ? (ನಾಯಕನಹಟ್ಟಿ)

ಐದು ವರ್ಷದೊಳಗಿನ ಮಕ್ಕಳಿಗೆ ದೂರದ ಪಾರ್ಕು ಬೇಕಾಗಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ದಾವಣಗೆರೆಯ ಗಾಜಿನ ಮನೆ, ಆನಗೋಡಿನ ಕಿರು ಮೃಗಾಲಯ, ಇನ್ನೂ ಸ್ವಲ್ಪ ದೂರ ಹೋಗಬಲ್ಲವರಿಗೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಹಳ್ಳಿಯ ಬದುಕನ್ನೇ ಶಿಲ್ಪಗಳಲ್ಲಿ ನಿಲ್ಲಿಸಿರುವ ಉತ್ಸವ ರಾಕ್ ಗಾರ್ಡನ್, ಇವೆಲ್ಲ ಒಂದು ಹಗಲಿನ ಮಾತು. ಜಾತ್ರೆಯ ತೊಟ್ಟಿಲಿನ ಬಗ್ಗೆ ಮಾತ್ರ ನನಗೆ ಧೈರ್ಯವಿಲ್ಲ. ಹೊಲದಲ್ಲಿ ಒಂದೇ ವಾರಕ್ಕೆಂದು ನಿಲ್ಲಿಸಿ ಕಳಚುವ ಯಂತ್ರವದು. ಕೂರಿಸಲೇಬೇಕಿದ್ದರೆ ಮೊದಲು ಒಂದು ಸುತ್ತು ಬರಿದೇ ನಿಂತು ನೋಡಿ: ಕೆಳಗಿನ ಮರದ ದಿಮ್ಮಿಗಳು ಮಳೆಯ ನೆಲದಲ್ಲಿ ಕುಸಿದಿವೆಯೇ, ಪ್ರತಿ ತೊಟ್ಟಿಲಿಗೂ ಅಡ್ಡಸರಳಿದೆಯೇ, ಅದಕ್ಕೆ ಚಿಲಕವಿದೆಯೇ ಅಥವಾ ಹಗ್ಗ ಕಟ್ಟಿದ್ದಾರೆಯೇ, ನಡೆಸುವಾತ ಯಂತ್ರದ ಪಕ್ಕದಲ್ಲಿಯೇ ನಿಂತಿದ್ದಾನೆಯೇ ಎಂದು. ಹಗ್ಗ ಕಂಡರೆ ಮಗುವಿಗೆ ಮಂಡಕ್ಕಿ, ಮಿರ್ಚಿ ಕೊಡಿಸಿ ಮನೆಗೆ ಕರೆದುಕೊಂಡು ಹೋಗಿ.