ಸಂಪಾದಕರ ಉತ್ತರ: ಹನ್ನೆರಡು ಹೋಳಿನ ದುಂಡು ನಕ್ಷೆ

ಕುಮಟಾದ ನಿವೃತ್ತ ಗಣಿತ ಮಾಸ್ತರರೊಬ್ಬರು ಬರೆದಿದ್ದಾರೆ: “ನಿಮ್ಮ ಚಂದಾದಾರರು ಯಾವ ತಾಲೂಕಿನಲ್ಲಿ ಎಷ್ಟು ಎಂದು ಕಳೆದ ಸಂಚಿಕೆಯಲ್ಲಿ 12 ಬಣ್ಣದ ಪೈ ಚಾರ್ಟ್ ಹಾಕಿದ್ದೀರಿ. ಕುಮಟಾ ಜಾಸ್ತಿಯೋ ಹೊನ್ನಾವರ ಜಾಸ್ತಿಯೋ, ಎಷ್ಟು ನೋಡಿದರೂ ತಿಳಿಯಲಿಲ್ಲ. ಕೆಲಸಕ್ಕೆ ಬಾರದ ಈ ಚಿತ್ರವನ್ನು ಎಲ್ಲರೂ ಯಾಕೆ ಇನ್ನೂ ಹಿಡಿದುಕೊಂಡಿದ್ದಾರೆ?”

ಮಾಸ್ತರರೇ, ನಿಮ್ಮ ಪತ್ರ ಓದಿ ಆ ಪುಟದ ಮೇಲೆ ಕೋನಮಾಪಕ ಇಟ್ಟು ನೋಡಿದೆ. ನಿಮ್ಮ ದೂರು ಸರಿ. ಶೇ. 1 ಅಂದರೆ 3.6 ಡಿಗ್ರಿ. ಒಂದು ಊರಿನ ಪಾಲು ಶೇ. 9, ಪಕ್ಕದ ಊರಿನದು ಶೇ. 11 ಎಂದಿಟ್ಟುಕೊಳ್ಳಿ. ವ್ಯತ್ಯಾಸ 7.2 ಡಿಗ್ರಿ. ಗಡಿಯಾರದ ದೊಡ್ಡ ಮುಳ್ಳು ಒಂದು ನಿಮಿಷಕ್ಕೆ ಸರಿಯುವುದೇ 6 ಡಿಗ್ರಿ. ಒಂದು ಹೋಳು ಮೇಲಕ್ಕೆ, ಇನ್ನೊಂದು ಅಡ್ಡಕ್ಕೆ ತಿರುಗಿ ಕೂತಿರುವಾಗ ಇಷ್ಟು ಸಣ್ಣ ಅಂತರ ಯಾರ ಕಣ್ಣಿಗೆ ಸಿಕ್ಕೀತು? ಅದನ್ನೇ 9 ಮತ್ತು 11 ಸೆಂಟಿಮೀಟರಿನ ಎರಡು ಕಂಬ ಮಾಡಿ ಪಕ್ಕಪಕ್ಕ ನಿಲ್ಲಿಸಿದರೆ ಒಂದನೇ ತರಗತಿಯ ಮಗುವೂ ಹೇಳುತ್ತದೆ. 1984ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಜನರ ಮುಂದೆ ನಕ್ಷೆಗಳನ್ನಿಟ್ಟು ಪರೀಕ್ಷೆ ಮಾಡಿದಾಗಲೂ ಇದೇ ಕಂಡಿತು. ಒಂದೇ ಗೆರೆಯ ಮೇಲೆ ನಿಂತ ಎತ್ತರಗಳನ್ನು ಕಣ್ಣು ಚೆನ್ನಾಗಿ ಅಳೆಯುತ್ತದೆ. ಕೋನ ಅಳೆಯುವಾಗ ಎಡವುತ್ತದೆ.

ದಪ್ಪ ಅಂಚು ಕೊಟ್ಟು ಓರೆಯಾಗಿ ಮಲಗಿಸಿದ ಚಾರ್ಟಂತೂ ಇನ್ನೂ ಕೆಟ್ಟದ್ದು. ಮುಂದಿನ ಹೋಳು ಸುಮ್ನೆ ದೊಡ್ಡದಾಗಿ ಕಾಣುತ್ತದೆ.

ಆದರೆ ‘ಕೆಲಸಕ್ಕೆ ಬಾರದ್ದು’ ಎಂಬ ಮಾತನ್ನು ನಾನು ಒಪ್ಪಲಾರೆ. ದುಂಡು ನಕ್ಷೆಯನ್ನು ಮೊದಲು ಪುಸ್ತಕದಲ್ಲಿ ಹಾಕಿದವನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್, 1801ರಲ್ಲಿ. ಕಂಬದ ನಕ್ಷೆಯನ್ನು 1786ರಲ್ಲೇ ಅಚ್ಚು ಹಾಕಿಸಿದವನೂ ಅವನೇ. ಕಂಬ ಕೈಯಲ್ಲಿದ್ದೂ ಅವನು ದುಂಡಗೆ ಬರೆದ. ತುರ್ಕಿ ಸಾಮ್ರಾಜ್ಯದ ನೆಲ ಏಷ್ಯಾ, ಯುರೋಪ್, ಆಫ್ರಿಕಾಗಳಲ್ಲಿ ಹೇಗೆ ಹಂಚಿಹೋಗಿದೆ ಎಂದು ಅವನಿಗೆ ತೋರಿಸಬೇಕಿತ್ತು. ಒಂದು ಸಾಮ್ರಾಜ್ಯ, ಮೂರೇ ಹೋಳು.

ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನೇ ನೋಡಿ. 10,291 ಚದರ ಕಿಲೋಮೀಟರ್, ಅದರಲ್ಲಿ ಸುಮಾರು ಶೇ. 80 ಕಾಡು. ಕೈವಾರದಲ್ಲಿ ಒಂದು ದುಂಡು ಎಳೆದು ಅಷ್ಟು ಪಾಲಿಗೆ ಹಸಿರು ತುಂಬಿ. ಉಳಿಯುವುದು ಗಡಿಯಾರದ 12ರಿಂದ ಎರಡೂವರೆಯೊಳಗೆ ಮುಗಿಯುವ ಒಂದು ಹೋಳು. ಶಿರಸಿಯ ತೋಟ, ಮುಂಡಗೋಡದ ಗದ್ದೆ, ಕಾರವಾರದ ಬಂದರು, ಪೇಟೆ, ಶಾಲೆ, ನಾವು ನೀವು ಎಲ್ಲ ಬಹುಪಾಲು ಅಷ್ಟರೊಳಗೇ. ಈ ಚಿತ್ರ ಬರೆದ ದಿನ ನಾನು ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ. 80ರ ಕಂಬ ಎಷ್ಟೆತ್ತರ ನಿಂತರೂ ನನಗೆ ಹಾಗೆ ಅನಿಸಲಿಲ್ಲ. ದುಂಡಿನಲ್ಲಿ ಮೊದಲು ಇಡಿಯಾದದ್ದು ಕಾಣುತ್ತದೆ, ಪಾಲು ಆಮೇಲೆ. ಡಬ್ಬಿಯಲ್ಲಿ ಉಳಿದ ಒಂದೇ ಹೋಳಿಗೆಯನ್ನು ಮುರಿದು ಇಬ್ಬರು ಮಕ್ಕಳಿಗೆ ಕೊಟ್ಟರೆ, ಸರಿಯಾಗಿ ಅರ್ಧ ಆಯಿತೋ ಇಲ್ಲವೋ ಎಂದು ನೋಡಲು ಅವರಿಗೆ ಅಳತೆಪಟ್ಟಿ ಬೇಡ. ಅರ್ಧ, ಕಾಲು ನಮ್ಮ ಕಣ್ಣಿಗೆ ಚಿಕ್ಕಂದಿನಿಂದ ರೂಢಿ. ಜನ ಈ ಚಿತ್ರವನ್ನು ಬಿಡದಿರುವುದು ಅದಕ್ಕೇ, ಅಲ್ವಾ?

12 ತಾಲೂಕುಗಳನ್ನು ಅದರೊಳಗೆ ತುರುಕಿದ್ದು ನಮ್ಮ ತಪ್ಪು. ಇನ್ನು ಮುಂದೆ ಎರಡು ಮೂರು ಪಾಲಿದ್ದರೆ ಮಾತ್ರ ದುಂಡು ನಕ್ಷೆ, ಊರಿಗೂ ಊರಿಗೂ ಹೋಲಿಸಬೇಕಾದಲ್ಲಿ ಕಂಬ. ಚಂದಾದಾರರ ಲೆಕ್ಕವನ್ನು ಈ ಸಂಚಿಕೆಯ 31ನೇ ಪುಟದಲ್ಲಿ ಹಾಗೆಯೇ ಮತ್ತೆ ಹಾಕಿದ್ದೇವೆ. ಕುಮಟಾ, ಹೊನ್ನಾವರ ಪಕ್ಕಪಕ್ಕ ನಿಂತಿವೆ. ನೋಡಿ, ಮತ್ತೆ ಬರೆಯಿರಿ.