ಬೆಳಕು ಕೆಳಗೆ ಬಿದ್ದರೆ ಇಡೀ ಹೆಡ್‌ಲೈಟ್ ಬದಲಿಸಬೇಡಿ

ಕಾರಿನ ಎಡಗಡೆ ಹೆಡ್‌ಲೈಟ್ ಬೆಳಕು ನೆಲಕ್ಕೆ ಬೀಳ್ತಿದೆ, ಬೆಳಕು ಏರಿಸಿ ಇಳಿಸುವ ಸ್ಕ್ರೂ ತಿರುಗಿಸಿದರೂ ಮೇಲೇಳ್ತಿಲ್ಲ, ಇಡೀ ಹೆಡ್‌ಲೈಟ್ ಬದಲಿಸಬೇಕಾ ಅಂತ ಕೇಳಿದ್ದೀರಿ. ಆತುರ ಬೇಡ. ಬಹುತೇಕ ಮುರಿದಿರುವುದು ಸ್ಕ್ರೂನ ಗುಂಡುತಲೆ ಕೂರುವ ಪ್ಲಾಸ್ಟಿಕ್ ಸಾಕೆಟ್. ಬಲ್ಬಿನ ಬಿಸಿಗೆ ವರ್ಷಗಟ್ಟಲೆ ಕಾದು ಪೆಡಸಾಗಿ ಒಡೆಯುತ್ತದೆ.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಲೈಟ್ ಹೊರತೆಗೆದು, ಬಲ್ಬಿನ ರಂಧ್ರದಿಂದ ಟಾರ್ಚ್ ಹಾಕಿ ನೋಡಿ. ಗುಂಡುತಲೆಯ ವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದೇ ಹೊಸ ಸಾಕೆಟ್ ತನ್ನಿ. ಸಡಿಲವಾದರೆ ಗಾಡಿ ಓಡುವಾಗ ಬೆಳಕು ನಡುಗುತ್ತದೆ. ಹಳೆಯದಕ್ಕೆ ಸೂಪರ್ ಗ್ಲೂ ಹಚ್ಚುವುದು ಮಾತ್ರ ಬೇಡವೇ ಬೇಡ. ಅದರ ಆವಿ ರಿಫ್ಲೆಕ್ಟರ್ (ಬಲ್ಬಿನ ಸುತ್ತಲಿನ ಕನ್ನಡಿಯಂಥ ಬಟ್ಟಲು) ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಒರೆಸಹೋದರೆ ಹೊಳಪಿನ ಲೇಪವೇ ಎದ್ದುಬರುತ್ತದೆ.

ಹೊಸ ಸಾಕೆಟ್ಟನ್ನು ಒಂದೆರಡು ನಿಮಿಷ ಬಿಸಿನೀರಲ್ಲಿಟ್ಟು ಒರೆಸಿ, ಮೊದಲು ರಿಫ್ಲೆಕ್ಟರಿನ ಕಿಂಡಿಗೆ ಕೂರಿಸಿ. ಆಮೇಲೆ ಗುಂಡುತಲೆಯನ್ನು ನೇರವಾಗಿ ಒತ್ತಿ, 'ಟಕ್' ಅನ್ನಬೇಕು. ಓರೆಯಾಗಿ ಒತ್ತಿದರೆ ಹೊಸದೂ ಸೀಳುತ್ತದೆ.

ಕೊನೆಗೆ ಬೆಳಕು ಹೊಂದಿಸಿ: ಸಮತಟ್ಟು ನೆಲ, ಗೋಡೆಯಿಂದ 10 ಮೀಟರ್, ಡ್ರೈವರ್ ಸೀಟಿನಲ್ಲಿ ಒಬ್ಬರು, ಲೆವೆಲರ್ (ಒಳಗಿನಿಂದ ಬೆಳಕಿನ ಎತ್ತರ ಬದಲಿಸುವ ಗುಂಡಿ) ಇದ್ದರೆ 0ಯಲ್ಲಿ. ಲೈಟಿನ ಮೇಲೋ ಬಾನೆಟ್ ಒಳಗೋ 1% (ಅಂದರೆ ಮೀಟರಿಗೆ 1 ಸೆಂಟಿಮೀಟರ್ ಇಳಿತ) ಎಂದಿದ್ದರೆ, ಡಿಮ್ ಬೆಳಕಿನ ಮೇಲಂಚು ಲೈಟಿನ ನಡುಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿರಬೇಕು.