ಸಂಬಳ ಬಂದಿಲ್ಲ ಅಂತ ಕಂಪನಿ ಹೆಸರು ಹಾಕಿ ಫೇಸ್‌ಬುಕ್‌ನಲ್ಲಿ ಬರೆಯಬಹುದಾ?

ನೀವು ಕೇಳಿರುವುದು ಇಷ್ಟು. ಮೈಸೂರಿನ ಕೂರ್ಗಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ, ಎರಡು ತಿಂಗಳಿಂದ ಸಂಬಳ ಇಲ್ಲ. ಕಂಪನಿ ಹೆಸರು ಹಾಕಿ ಫೇಸ್‌ಬುಕ್‌ನಲ್ಲಿ ಬರೆದರೆ ಕೆಲಸಕ್ಕೆ ತೊಂದರೆ ಆಗುತ್ತಾ? ಬೇರೆ ಹೆಸರಿನ ಖಾತೆಯಿಂದ ಬರೆದರೆ ಪರವಾಗಿಲ್ವಾ?

ತೊಂದರೆ ಆಗುತ್ತದೆ. ನನಗೆ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

2022ರಲ್ಲಿ ನಾನು ಮೈಸೂರಿನದೇ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಮಷಿನ್ ಶಾಪ್‌ನಲ್ಲಿ ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯುವ ಮಷಿನ್) ಆಪರೇಟರ್ ಆಗಿದ್ದೆ. ದಿನಾ ಮಂಡ್ಯದಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದೆ. ಆ ವರ್ಷ ಆಯುಧಪೂಜೆಗೆ ಮಷಿನ್‌ಗಳಿಗೆಲ್ಲ ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳಕಾಯಿ ಒಡೆದು, ಪುರಿ, ಸಿಹಿ ಹಂಚಿದರು. ಜುಲೈ, ಆಗಸ್ಟ್ ಎರಡೂ ತಿಂಗಳ ಸಂಬಳ ಬಂದಿರಲಿಲ್ಲ. ಮಗಳ ಶಾಲೆ ಫೀಸಿಗೆ ಅಪ್ಪನ ಹತ್ತಿರ ಕೈಚಾಚಿದ್ದೆ. ಆ ಸಂಕಟದಲ್ಲಿ ಹಾರ ಹಾಕಿದ ಮಷಿನ್ ಫೋಟೋ ತೆಗೆದು, ಕಂಪನಿ ಹೆಸರು ಬರೆದು, ‘ಮಷಿನ್‌ಗೆ ಹೂವು, ನಮಗೆ ಉಪವಾಸ’ ಅಂತ ಹಾಕಿದೆ. ರಾತ್ರಿ ನೋಡಿದರೆ ಲೈಕ್ ಮೇಲೆ ಲೈಕ್. ಬೆಳಗ್ಗೆ ಭಯವಾಗಿ ಅಳಿಸಿದೆ. ಅಷ್ಟರಲ್ಲಿ ಯಾರೋ ಸ್ಕ್ರೀನ್‌ಶಾಟ್ ತೆಗೆದು ಎಚ್‌ಆರ್‌ಗೆ ಕಳಿಸಿಯಾಗಿತ್ತು.

ರಜೆ ಮುಗಿಸಿ ಹೋದಾಗ ನೋಟಿಸ್ ಕೊಟ್ಟರು. ಅದರಲ್ಲಿ ಸಂಬಳದ ಮಾತೇ ಇರಲಿಲ್ಲ. ಮಷಿನ್ ಪಕ್ಕ ನೇತುಹಾಕಿದ್ದ, ನಾವು ಮಾಡುವ ಪಾರ್ಟ್‌ನ ಡ್ರಾಯಿಂಗ್ ಫೋಟೋದ ಮೂಲೆಯಲ್ಲಿ ಕಾಣುತ್ತಿತ್ತು. ಅದರ ಮೇಲೆ ಗ್ರಾಹಕ ಕಂಪನಿಯ ಹೆಸರು, ಪಾರ್ಟ್ ನಂಬರ್ ಎರಡೂ ಇತ್ತು. ಗ್ರಾಹಕರ ಗೋಪ್ಯ ಮಾಹಿತಿ ಹೊರಗೆ ಹಾಕಿದ್ದೀರಿ, 48 ಗಂಟೆಯೊಳಗೆ ವಿವರಣೆ ಕೊಡಿ ಅಂತ ಬರೆದಿದ್ದರು. ಹಾಗೆ ಮಾಡುವುದಿಲ್ಲ ಅಂತ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ನಾನೇ ಸಹಿ ಹಾಕಿದ್ದೆ. ಓದಿರಲಿಲ್ಲ. ಸಂಬಳ ಯಾಕೆ ಕೊಟ್ಟಿಲ್ಲ ಅಂತ ಉತ್ತರ ಹೇಳಬೇಕಿದ್ದವರು ಅವರು. ಉತ್ತರ ಬರೆಯುತ್ತಾ ಕೂತವನು ನಾನು.

ವಿಚಾರಣೆ ಅಂತ ಅಲೆಯುವ ಶಕ್ತಿ ಇರಲಿಲ್ಲ, ರಾಜೀನಾಮೆ ಕೊಟ್ಟೆ. ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಮಾಡಿದ ಪತ್ರ) ಕೈಗೆ ಬರಲು ಐದು ತಿಂಗಳಾಯಿತು. ನಂಜನಗೂಡಿನ ಒಂದು ಕಂಪನಿಗೆ ಇಂಟರ್‌ವ್ಯೂಗೆ ಹೋದರೆ, ಕೆಲಸದ್ದೆಲ್ಲ ಕೇಳಿ ಆದಮೇಲೆ, "ಆ ಪೋಸ್ಟ್ ಹಾಕಿದ್ದು ನೀವೇ ಅಲ್ವಾ?" ಅಂದರು. ಮೈಸೂರು ದೊಡ್ಡ ಊರು ಅನಿಸುತ್ತದೆ. ಆದರೆ ಹೆಬ್ಬಾಳ, ಮೇಟಗಳ್ಳಿ, ಕೂರ್ಗಳ್ಳಿ, ನಂಜನಗೂಡು ಎಲ್ಲ ಕಡೆಯ ಎಚ್‌ಆರ್‌ನವರು ಒಬ್ಬರಿಗೊಬ್ಬರು ಗೊತ್ತಿರುವವರೇ.

ಬೇರೆ ಹೆಸರಿನ ಖಾತೆಯನ್ನಂತೂ ನಂಬಬೇಡಿ. ‘ಎರಡನೇ ಶಿಫ್ಟು, ಪೇಂಟ್ ಶಾಪ್’ ಅಂತ ಬರೆದರೆ ಆ ಶಿಫ್ಟಿನಲ್ಲಿ ಇರುವುದೇ ಐದಾರು ಜನ. ನಿಮ್ಮನ್ನು ಹಿಡಿಯದಿದ್ದರೆ ಪಕ್ಕದವನ ಮೇಲೆ ಅನುಮಾನ ಬೀಳುತ್ತದೆ. ಅದು ಇನ್ನೂ ಕೆಟ್ಟದ್ದು. ವಾಟ್ಸಾಪ್ ಗುಂಪಿನಲ್ಲಿ ಬರೆದರೂ ಇದೇ ಕತೆ.

2015ರಲ್ಲಿ ಆನ್‌ಲೈನ್‌ನಲ್ಲಿ ಬರೆದಿದ್ದಕ್ಕೆ ಕೇಸು ಹಾಕುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದೆ, ವಾಕ್ ಸ್ವಾತಂತ್ರ್ಯ ಇದೆ, ಏನೂ ಆಗಲ್ಲ ಅಂತ ಸ್ನೇಹಿತರು ಧೈರ್ಯ ಹೇಳುತ್ತಾರೆ. ನನಗೂ ಹೇಳಿದ್ದರು. ಆ ಕಲಮು ಹೋಗಿದ್ದು ನಿಜ. ಆದರೆ ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ಇರುವುದು ಮುಖ್ಯವಾಗಿ ಸರ್ಕಾರದ ಎದುರು. ಖಾಸಗಿ ಮಾಲೀಕರು ನೋಡುವುದು ನೀವು ಸಹಿ ಹಾಕಿದ ಕಾಗದವನ್ನು. ಮಾನನಷ್ಟದ ಕಾನೂನು ಬೇರೆಯೇ ಇದೆ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು, 2 ವರ್ಷದವರೆಗೆ ಶಿಕ್ಷೆ ಆಗಬಹುದು. ಹೇಳಿದ್ದು ನಿಜ ಅಂದರೆ ಅಲ್ಲಿ ಸಾಲದು, ಸಾರ್ವಜನಿಕರ ಒಳ್ಳೆಯದಕ್ಕೆ ಹೇಳಿದ್ದು ಅಂತಲೂ ತೋರಿಸಬೇಕು. ಆದರೆ ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಆ ದೂರು ಕೇಳುವ ಅಧಿಕಾರ ಇರುವವರಿಗೆ ಒಳ್ಳೆಯ ಮನಸ್ಸಿನಿಂದ ದೂರು ಕೊಟ್ಟರೆ ಅದು ಮಾನನಷ್ಟ ಅಲ್ಲ. ಅಂದರೆ ನೀವು ಫೇಸ್‌ಬುಕ್‌ಗೆ ಬರೆಯಬೇಕು ಅಂದುಕೊಂಡ ಮಾತನ್ನೇ ಕಾರ್ಮಿಕ ಅಧಿಕಾರಿಗೆ ಬರೆದರೆ ಕಾನೂನು ನಿಮ್ಮ ಪರ ನಿಲ್ಲುತ್ತದೆ. ಇದು ನನಗೆ ತಿಳಿದಿದ್ದು ಎಲ್ಲ ಆದಮೇಲೆ.

ಹಾಗಾಗಿ ಈ ವಾರವೇ ಇಷ್ಟು ಮಾಡಿ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬರಬೇಕು ಅಂತ ಸಂಬಳದ ಕಾನೂನಾದ ವೇತನ ಸಂಹಿತೆಯಲ್ಲೇ ಇದೆ. ಯಾವ ತಿಂಗಳದ್ದು ಬಂದಿಲ್ಲ ಅಂತ ಎಚ್‌ಆರ್‌ಗೆ ಮೇಲ್ ಹಾಕಿ, ಬಾಯಲ್ಲಿ ಕೇಳಬೇಡಿ. ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಅಪಾಯಿಂಟ್‌ಮೆಂಟ್ ಲೆಟರ್ ಒಂದು ಕಡೆ ಇಟ್ಟುಕೊಳ್ಳಿ. ಪಿಎಫ್ ಪಾಸ್‌ಬುಕ್ ತೆಗೆದು ನೋಡಿ, ಸಂಬಳ ನಿಂತ ಕಡೆ ಪಿಎಫ್ ಕಟ್ಟುವುದೂ ನಿಂತಿರಬಹುದು. ಆಮೇಲೆ ಕಾರ್ಮಿಕ ಇಲಾಖೆಗೆ ಅರ್ಜಿ. ಒಬ್ಬರೇ ಹೋಗಬೇಡಿ.

ನಾನು ಬಿಟ್ಟ ಮೇಲೆ ನಮ್ಮ ಶಾಪ್‌ನ ಹನ್ನೊಂದು ಜನ ಒಂದೇ ಅರ್ಜಿಗೆ ಸಹಿ ಹಾಕಿ ಕಾರ್ಮಿಕ ಅಧಿಕಾರಿಗೆ ಕೊಟ್ಟರು. ಅಧಿಕಾರಿ ಕಂಪನಿಯವರನ್ನು ಕರೆಸಿ ಎದುರಿಗೆ ಕೂರಿಸಿಕೊಂಡು ಕೇಳಿದರು. ಡಿಸೆಂಬರ್ ಹೊತ್ತಿಗೆ ಎರಡು ಕಂತಿನಲ್ಲಿ ಬಾಕಿ ಬಂತು. ಜೊತೆಗೆ ನನ್ನ ಹೆಸರನ್ನೂ ಸೇರಿಸಿದ್ದರು, ನನ್ನ ದುಡ್ಡೂ ಬಂತು. ಆ ಅರ್ಜಿಯ ನಕಲು ನನ್ನ ಹತ್ತಿರ ಇದೆ. ಬೇಕಿದ್ದರೆ ಹೇಳಿ, ಹೆಸರುಗಳನ್ನು ತೆಗೆದು ಕಳಿಸುತ್ತೇನೆ.